‘ನೋರಾ ರೋಂಗ್ ಖ್ರೂ’ – ಕನ್ನಡದಲ್ಲಿ ಏನೆನ್ನೋಣ?

ನಾಳೆ ಸಂಜೆಯೊಳಗೆ ಫಲಕದ ಬರಹ ಅಚ್ಚಿಗೆ ಹೋಗಬೇಕು. ದಕ್ಷಿಣ ಥಾಯ್ಲೆಂಡಿನ ನೋರಾ ಎಂಬ ಕುಣಿತದ ನಾಟಕ ಕುರಿತ ಚಿತ್ರಪ್ರದರ್ಶನ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ. ಗಡಿಯಾಚೆ ಮಲೇಷ್ಯಾದ ಕೆಲಂತಾನ್, ಕೆಡಾಗಳಲ್ಲೂ ‘ಮನೋರಾ’ ಎಂಬ ಹೆಸರಲ್ಲಿದೆ. ‘ರೋಂಗ್ ಖ್ರೂ’ ಇದರ ಆರಾಧನೆಯ ರೂಪ. ಚಪ್ಪರ ಹಾಕಿ, ಬುಧವಾರ ಶುರುಮಾಡಿ ಶುಕ್ರವಾರದವರೆಗೆ, ತೀರಿಹೋದ ಗುರುಹಿರಿಯರನ್ನು ಕರೆಯುತ್ತಾರೆ. ಅವರು ಮೈಮೇಲೆ ಬರುತ್ತಾರೆ. ‘ಗುರುಪೂಜಾ ನೃತ್ಯ’ ಎಂದು ಬರೆದಿದ್ದೇನೆ, ಸಪ್ಪೆ ಅನಿಸುತ್ತಿದೆ.

---

‘ನೋರಾ’ ಸವೆದ ರೂಪ, ಮೂಲದ ‘ಮನೋಹರಾ’ ಎಂದೇ ಬರೆಯಿರಿ. ಸುಧನ ರಾಜಕುಮಾರನ ಕೈಹಿಡಿದ ಕಿನ್ನರಿಯ ಹೆಸರದು. ಸಂಸ್ಕೃತದ ಬೌದ್ಧ ಕಥಾಸಂಗ್ರಹ ದಿವ್ಯಾವದಾನದಲ್ಲಿ ಕಥೆಯಿದೆ, ಜಾವಾದ ಬೊರೊಬುದುರ್ ಸ್ತೂಪದ ಗೋಡೆಯಲ್ಲೂ ಕೆತ್ತಿದ್ದಾರೆ. ‘ಖ್ರೂ’ ನಮ್ಮ ‘ಗುರು’ವೇ. ಸವೆದ ರೂಪವನ್ನು ನಾವೇಕೆ ಹೊರಬೇಕು?

---

> ಸವೆದ ರೂಪವನ್ನು ನಾವೇಕೆ ಹೊರಬೇಕು?

‘ಅಕ್ಷರ’ವನ್ನು ‘ಅಕ್ಕರ’ ಮಾಡಿಕೊಂಡವರು ನಾವು. ತದ್ಭವದ ಹಕ್ಕು ನಮಗೊಬ್ಬರಿಗೇ ಇಲ್ಲ. ಹೆಸರು ಅವರದು, ‘ನೋರಾ’ ಹಾಗೇ ಇರಲಿ.

ನನ್ನ ತಕರಾರು ‘ನೃತ್ಯ’ದ ಮೇಲೆ. ಅಲ್ಲಿ ಕಥೆ ಆಡುತ್ತಾರೆ, ಆವೇಶ ಬರುತ್ತದೆ, ಮಗುವಿನ ಮೈಮೇಲಿನ ಕೆಂಪು ಕಲೆ ಹೋಗಲೆಂದು ವೇಷಧಾರಿ ಅದರ ಮೇಲೆ ಪಾದ ಒತ್ತುತ್ತಾನೆ. ಇಷ್ಟನ್ನೂ ‘ನೃತ್ಯ’ ಹೊರುವುದಿಲ್ಲ. ‘ಕೋಲ’ ಎನ್ನಿ. ಅಲಂಕಾರ, ರೂಪ ಎಂಬುದು ಅದರ ಹಳೆಯ ಅರ್ಥ. ತಮಿಳಿನ ‘ಕೋಲಮ್’ ಕೂಡ ಅದೇ. ಮಣಿ ಪೋಣಿಸಿದ ಅಂಗಿ, ಚೂಪು ಕಿರೀಟ, ಹಿಂದಕ್ಕೆ ಬಾಗಿದ ಉದ್ದುದ್ದ ಉಗುರು ತೊಟ್ಟು ಕಿನ್ನರಿಯ ರೂಪ ತಾಳುವುದಕ್ಕೆ ಅಚ್ಚಗನ್ನಡದಲ್ಲೇ ಪದವಿರುವಾಗ ಸಂಸ್ಕೃತದ ಸಾಲ ಯಾಕೆ?

---

‘ಕೋಲ’ ಸಲ್ಲದು. ತುಳುನಾಡಿನಲ್ಲಿ ಅದು ದೈವದ್ದು. ನಿಘಂಟು ಏನೇ ಹೇಳಲಿ, ಓದುವವರ ಕಣ್ಣಿಗೆ ಪಂಜುರ್ಲಿ ಬರುತ್ತದೆ. ಸಂಸ್ಕೃತ ಬೇಡವೆಂದು ದೈವವನ್ನು ಥಾಯ್ಲೆಂಡಿಗೆ ಸಾಗಿಸುವುದು ಯಾವ ನ್ಯಾಯ?

ರೋಂಗ್ ಖ್ರೂ ಚಪ್ಪರದಲ್ಲಿ ಹೊತ್ತ ಹರಕೆಯನ್ನೂ ತೀರಿಸುತ್ತಾರೆ. ಕಟೀಲಿನ ಯಕ್ಷಗಾನ ಮೇಳಕ್ಕೆ ಹರಕೆ ಹೊತ್ತು ಆಟ ಆಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟ ಅಂದರೆ ವೇಷ, ಕುಣಿತ, ಕಥೆ, ಪೂಜೆ ಎಲ್ಲ ಬಂತು. ‘ರೋಂಗ್’ ಎಂದರೆ ಚಪ್ಪರವೇ. ಹಾಗಾಗಿ: ನೋರಾ – ಗುರುಚಪ್ಪರದ ಹರಕೆ ಆಟ.

---

‘ಗುರು’ ಸಂಸ್ಕೃತ, ‘ಚಪ್ಪರ’ ಕನ್ನಡ. ಎರಡನ್ನೂ ಬೆಸೆದರೆ ವ್ಯಾಕರಣ ಒಪ್ಪದ ಅರಿಸಮಾಸ.

---

‘ಗುರುಮನೆ’ ಎಂದು ದಿನವೂ ಅನ್ನುತ್ತೇವೆ. ಬಿಡಿ.

---

‘ಗುರುಚಪ್ಪರದ ಹರಕೆ ಆಟ’ ಅಚ್ಚಿಗೆ ಕಳಿಸುತ್ತಿದ್ದೇನೆ. ಕಿನ್ನರಿ ಮನೋಹರೆಯ ಕಥೆ ಕೆಳಗಿನ ಸಾಲಿನಲ್ಲಿ ಬರುತ್ತದೆ.