ಘೋಷಣೆಗಳೇ ತುಂಬಿದ ಕಿರುಚಿತ್ರವನ್ನು ಹೇಗೆ ಸರಿಪಡಿಸುವುದು?

ಪ್ರಶ್ನೆ (ಡೊಂಬಿವಲಿಯ ನಾಟಕ ತಂಡದಿಂದ): ಅಕ್ಕಾ, ನಮಸ್ಕಾರ. ಗೆಳೆಯರು ಸೇರಿ ಹದಿನೈದು ನಿಮಿಷಗಳ ಯುದ್ಧವಿರೋಧಿ ಕಿರುಚಿತ್ರ ಮಾಡಿದ್ದೇವೆ. ಮುಂಬಯಿಯ ಆಜಾದ್ ಮೈದಾನದ ಧರಣಿಯಲ್ಲಿ ಚಿತ್ರೀಕರಿಸಿದ ಭಾಷಣಗಳು, ಘೋಷಣೆಗಳು ಮತ್ತು ಟಿವಿಯಿಂದ ತೆಗೆದುಕೊಂಡ ಬಾಂಬ್ ದಾಳಿಯ ದೃಶ್ಯಗಳು ಇದರಲ್ಲಿವೆ. ನೋಡಿದವರು ಭಾಷಣ ಕೇಳಿದ ಹಾಗಾಯಿತು ಎಂದರು. ಗಾಯಗೊಂಡ ಮಕ್ಕಳ ದೃಶ್ಯ ಬಂದಾಗ ನಮ್ಮ ಅತ್ತೆ ಎದ್ದೇ ಹೋದರು. ಏನು ಮಾಡಬೇಕು?

ಉತ್ತರ (ಸಾಕ್ಷ್ಯಚಿತ್ರಗಳ ಸಂಕಲನ ಮಾಡುವವಳು, ಅಂಧೇರಿ): ಅತ್ತೆ ಎದ್ದು ಹೋದದ್ದನ್ನು ಗಂಭೀರವಾಗಿ ತೆಗೆದುಕೊಳ್ಳಿ ತಮ್ಮಾ. 1969ರಲ್ಲಿ ಜರ್ಮನಿಯ ಹಾರುನ್ ಫರೋಕಿ ವಿಯೆಟ್ನಾಂ ಯುದ್ಧದಲ್ಲಿ ಬಳಸಿದ, ಮೈಗೆ ಅಂಟಿ ಉರಿಯುವ ನೇಪಾಮ್ ಬಾಂಬಿನ ಬಗ್ಗೆ ಚಿತ್ರ ಮಾಡಿದಾಗ ಇದೇ ಸಮಸ್ಯೆಯಿಂದ ಹೊರಟರು. ಸುಟ್ಟ ದೇಹಗಳನ್ನು ತೋರಿಸಿದರೆ ನೋಡುಗರು ಮೊದಲು ಚಿತ್ರಕ್ಕೆ ಕಣ್ಣು ಮುಚ್ಚುತ್ತಾರೆ, ಆಮೇಲೆ ಅದರ ನೆನಪಿಗೆ, ಕೊನೆಗೆ ಸತ್ಯಕ್ಕೇ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಅವರು ಕ್ಯಾಮೆರಾ ಮುಂದೆ ಕುಳಿತು ಉರಿಯುವ ಸಿಗರೇಟನ್ನು ತಮ್ಮ ತೋಳಿಗೇ ಒತ್ತಿಕೊಂಡರು. ಸಿಗರೇಟಿನ ಶಾಖ ಸುಮಾರು 400 ಡಿಗ್ರಿ, ನೇಪಾಮ್‌ನದು ಸುಮಾರು 3000 ಡಿಗ್ರಿ ಎಂದು ಅಲ್ಲಿ ಹೇಳಲಾಗುತ್ತದೆ. ಲೆಕ್ಕವನ್ನು ಮುಂದುವರಿಸುವ ಕೆಲಸ ನೋಡುಗರದು. ಆಮೇಲೆ ಚಿತ್ರ ನೇಪಾಮ್ ತಯಾರಿಸಿದ ಡೌ ಕೆಮಿಕಲ್ ಕಂಪನಿಯೊಳಗೆ ಹೋಗಿ, ಒಬ್ಬೊಬ್ಬರೂ ಕೆಲಸದ ಒಂದೊಂದು ತುಣುಕನ್ನಷ್ಟೇ ಮಾಡುವುದರಿಂದ ಹೊಣೆ ಯಾರಿಗೂ ತಗಲದಂತಾಗುವುದನ್ನು ತೋರಿಸುತ್ತದೆ.

ಟಿವಿಯ ದೃಶ್ಯಗಳನ್ನು ತೆಗೆದುಬಿಡಿ. ಅವುಗಳ ಹಕ್ಕೂ ನಿಮ್ಮದಲ್ಲ. ಉಳಿದ ಫುಟೇಜನ್ನು ಧ್ವನಿ ಮುಚ್ಚಿ ನೋಡಿ. ಮಾತಿಲ್ಲದೆಯೂ ಕಣ್ಣು ಹಿಡಿದು ನಿಲ್ಲಿಸುವ ಶಾಟ್ ಯಾವುದೋ ಅದರ ಸುತ್ತ ಚಿತ್ರವನ್ನು ಮತ್ತೆ ಕಟ್ಟಿ. ಹದಿನೈದು ನಿಮಿಷ ಏಳಕ್ಕೆ ಇಳಿದರೂ ಬೇಸರ ಬೇಡ. ಕೆನಡಾದ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ ಒಂದು ಹೂವಿಗಾಗಿ ಹೊಡೆದಾಡಿ ಸಾಯುವ ಇಬ್ಬರು ನೆರೆಹೊರೆಯವರ ಕಥೆಯನ್ನು ಎಂಟೇ ನಿಮಿಷಗಳಲ್ಲಿ ಹೇಳಿ ಆಸ್ಕರ್ ಪಡೆದರು.

ಪ್ರಶ್ನೆ (ಪುಣೆಯ ನಿವೃತ್ತ ಅಧ್ಯಾಪಕರು): ಮೇಡಂ, ಹೂವು, ಸಿಗರೇಟು ಎಂದು ಸುತ್ತಿ ಬಳಸಿ ಹೇಳುವುದು ಅಧಿಕಾರಕ್ಕೆ ಹೆದರಿದ ಹಾಗಲ್ಲವೇ? ನಾನು ತುರ್ತು ಪರಿಸ್ಥಿತಿ ಕಂಡವನು. ನೇರವಾಗಿ ಹೇಳಲೇಬೇಕಾದ ಕಾಲವೂ ಇರುತ್ತದೆ.

ಉತ್ತರ: ಇರುತ್ತದೆ ಸರ್. ಸಾಕ್ಷ್ಯಚಿತ್ರಕಾರ ಆನಂದ್ ಪಟವರ್ಧನ್ ಬಿಹಾರದ ಜೆಪಿ (ಜಯಪ್ರಕಾಶ್ ನಾರಾಯಣ್) ಚಳವಳಿಯನ್ನು ಚಿತ್ರೀಕರಿಸಿದ್ದು ಹಾಗೆಯೇ, ನೇರವಾಗಿ. ತುರ್ತು ಪರಿಸ್ಥಿತಿ ಬಂದಾಗ ಆ ಚಿತ್ರದ ಪ್ರತಿಯನ್ನು ತುಂಡು ಮಾಡಿ, ವಿದೇಶಕ್ಕೆ ಹೊರಟವರ ಕೈಯಲ್ಲಿ ಕಳುಹಿಸಿ, ಅಲ್ಲಿ ಮತ್ತೆ ಜೋಡಿಸಬೇಕಾಯಿತು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲವದು. ನಡೆದದ್ದನ್ನೇ ಅಧಿಕಾರ ಮುಚ್ಚಿಡುವಾಗ ನಡೆದದ್ದನ್ನು ಇದ್ದ ಹಾಗೆ ತೋರಿಸುವುದೇ ದೊಡ್ಡ ಕೆಲಸ. ಚಿತ್ರ ಅಲುಗಾಡಿದರೂ ಚಿಂತೆಯಿಲ್ಲ. ಈಗ ಬಾಂಬ್ ದಾಳಿಯ ದೃಶ್ಯಗಳು ದಿನವೂ ಮೊಬೈಲಿಗೇ ಬರುತ್ತವೆ. ಎಲ್ಲರೂ ಕಂಡು ಮರಗಟ್ಟಿರುವಾಗ ಬೇರೆ ದಾರಿ ಹುಡುಕಬೇಕಾಗುತ್ತದೆ. ಈ ತಂಡದ ಸ್ಥಿತಿ ಎರಡನೆಯದು.

ಸಂಕೇತದಲ್ಲಿ ಹೇಳಿದವರಿಗೆ ರಕ್ಷಣೆಯೇನೂ ಸಿಗಲಿಲ್ಲ ಸರ್. ಜೆಕ್ ಬೊಂಬೆಚಿತ್ರಕಾರ ಇರ್ಜಿ ತ್ರಂಕಾ 1965ರಲ್ಲಿ ಮಾಡಿದ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ತನ್ನ ಗುಲಾಬಿ ಗಿಡಕ್ಕೆ ಕುಂಡ ಮಾಡುತ್ತಾ ಬದುಕುವ ಕುಂಬಾರನ ಮನೆಗೆ ದೈತ್ಯ ಕೈಯೊಂದು ನುಗ್ಗಿ ತನ್ನದೇ ಪ್ರತಿಮೆ ಮಾಡೆಂದು ಪೀಡಿಸುತ್ತದೆ. ಕಡೆಗೆ ಅವನು ಸತ್ತಾಗ ಅದೇ ಕೈ ಸಕಲ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸುತ್ತದೆ! ತ್ರಂಕಾ ತೀರಿಕೊಂಡದ್ದು 1969ರಲ್ಲಿ. ಆಮೇಲೆ ಸರ್ಕಾರ ಆ ಚಿತ್ರವನ್ನು ನಿಷೇಧಿಸಿತು. ಆ ಕೈ ಯಾರದೆಂದು ಆಳುವವರಿಗೆ ಚೆನ್ನಾಗಿಯೇ ತಿಳಿದಿತ್ತು.

ಪ್ರಶ್ನೆ (ಡೊಂಬಿವಲಿಯವರೇ): ಧರಣಿಗೆ ಬಂದಿದ್ದ ಕಾಲೇಜು ಹುಡುಗಿಯರ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಇಡಬಹುದೇ ಅಕ್ಕಾ?

ಉತ್ತರ: ಕೇಳದೆ ಖಂಡಿತ ಇಡಬೇಡಿ. ಮೈದಾನಕ್ಕೆ ಬಂದವರು ಆ ದಿನಕ್ಕೆ ಒಪ್ಪಿ ಬಂದವರು. ಐದು ವರ್ಷಗಳ ನಂತರ ಕೆಲಸ ಕೊಡುವವರ ಕಣ್ಣಿಗೂ ಬೀಳಲು ಒಪ್ಪಿರುವುದಿಲ್ಲ. ಒಬ್ಬೊಬ್ಬರಿಗೂ ಅವರು ಕಾಣುವ ಭಾಗವನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ಸಿಗದವರ ಶಾಟ್ ತೆಗೆಯಿರಿ. ಮುಖ ಮಸುಕಾಗಿಸಿದರೂ ಬಟ್ಟೆ, ನಡಿಗೆ, ದನಿ ಗುರುತು ಹೇಳುತ್ತವೆ. 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರ್‌ನ ಹತ್ತು ಮಂದಿ ಹೆಸರು ಹಾಕದೆ ಮಾಡಿದ ಕಿರುಚಿತ್ರಗಳೆಲ್ಲ ‘ಮ್ಯಾನ್ಮಾರ್ ಡೈರೀಸ್’ ಎಂಬ ಒಂದೇ ಚಿತ್ರವಾಗಿ 2022ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದವು. ಅದನ್ನು ಎಲ್ಲರೂ ಕುಳಿತು ನೋಡಿ. ಮುಖ ತೋರಿಸದೆಯೂ ಪಾತ್ರದ ಭಯ ನಮಗೆ ತಟ್ಟುತ್ತದೆ.

ಪ್ರಶ್ನೆ (ಮಾಟುಂಗದಿಂದ ಒಬ್ಬರು): ಕನ್ನಡ ಸಂಘದ ಸಭಾಂಗಣದಲ್ಲಿ ತೋರಿಸಲು ಸೆನ್ಸಾರ್ ಬೇಕೇ?

ಉತ್ತರ: ಯಾರು ಬೇಕಾದರೂ ಬರಬಹುದಾದ ಪ್ರದರ್ಶನಕ್ಕೆ ಬೇಕು, ಕಿರುಚಿತ್ರವೆಂಬ ವಿನಾಯಿತಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಇಲ್ಲ. ಚಿತ್ರೋತ್ಸವಗಳು ಕೇಂದ್ರದಿಂದ ವಿನಾಯಿತಿ ಪಡೆಯುತ್ತವೆ. ಮುಂಬಯಿಯಲ್ಲೇ ಇದ್ದ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ 16 ನಿಮಿಷಗಳ ಚಿತ್ರಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. 1970ರಲ್ಲಿ ಕೋರ್ಟ್ ಪೂರ್ವ ಸೆನ್ಸಾರನ್ನು ಎತ್ತಿಹಿಡಿಯಿತು, ಆದರೆ ವಿಚಾರಣೆ ನಡೆಯುತ್ತಿದ್ದಾಗಲೇ ಅವರ ಚಿತ್ರಕ್ಕೆ ಕತ್ತರಿಯಿಲ್ಲದೆ ಪ್ರಮಾಣಪತ್ರ ಸಿಕ್ಕಿತು. ಸೆನ್ಸಾರ್ ಮಂಡಳಿಯ ತೀರ್ಪಿನ ಮೇಲೆ ಮನವಿ ಸಲ್ಲಿಸಲು ಮುಂದೆ ಬಂದ ನ್ಯಾಯಮಂಡಳಿ 2021ರಲ್ಲಿ ರದ್ದಾಗಿದೆ, ಈಗ ನೇರವಾಗಿ ಹೈಕೋರ್ಟೇ ಗತಿ. ಚಿತ್ರೋತ್ಸವಕ್ಕೆ ಕಳುಹಿಸುವುದಾದರೆ ಹೊಸ ಆವೃತ್ತಿಯನ್ನು ನನಗೂ ಕಳುಹಿಸಿ, ನೋಡಿ ಹೇಳುತ್ತೇನೆ.