ಮೊಬೈಲ್ ಬೋರಲು ಹಾಕಿದ್ದೇ ತಪ್ಪಾ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದ ಪತ್ರದ ತಿರುಳು ಇದು:

“ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. 2020ರಲ್ಲಿ ಆಫೀಸು ಮನೆಗೆ ಬಂತು. ಈಗ ವಾರಕ್ಕೆ ಮೂರು ದಿನ ನಾವು ಆಫೀಸಿಗೆ ಹೋಗುತ್ತೇವೆ, ಆದರೆ ಆಫೀಸು ಮನೆ ಬಿಟ್ಟು ಹೋಗಿಲ್ಲ. ರಾತ್ರಿ ಒಂಬತ್ತಾದ ಮೇಲೆ ನಮ್ಮ ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಜೀವ ಬರುತ್ತದೆ. ಬಾಸ್ ಕೆಟ್ಟವರಲ್ಲ. ‘ಬೆಳಿಗ್ಗೆ ನೋಡಿದ್ರೂ ನಡೆಯುತ್ತೆ’ ಅಂತಲೇ ಬರೆಯುತ್ತಾರೆ. ಮರುದಿನದ ಮೀಟಿಂಗ್‌ನಲ್ಲಿ ಹೊಗಳಿಕೆ ಮಾತ್ರ ರಾತ್ರಿಯೇ ಉತ್ತರ ಕೊಟ್ಟವರಿಗೆ. ಊಟವಾದ ಮೇಲೆ ನಾನು ಮೊಬೈಲ್ ಬೋರಲು ಹಾಕುತ್ತೇನೆ. ಹಾಕಿ, ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತೇನೆ. ಈ ಸಲದ ಅಪ್ರೈಸಲ್‌ನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ‘ಸ್ಪಂದನೆ ಇನ್ನಷ್ಟು ಚುರುಕಾಗಬೇಕು’ ಎಂದು ಬರೆದಿದ್ದಾರೆ. ನನ್ನ ಕೆಲಸ ಒಂದು ದಿನವೂ ತಡವಾಗಿಲ್ಲ. ನಾನು ಸೋಮಾರಿಯಾ? ಅಥವಾ ಕೆಲಸ ಬದಲಿಸಬೇಕಾ?”

ಉತ್ತರಗಳು ರಾಶಿ ಬಿದ್ದವು. ಅವುಗಳಲ್ಲಿ ಬಹಳಷ್ಟು ಬಂದದ್ದೂ ರಾತ್ರಿ ಹನ್ನೊಂದರ ಮೇಲೆಯೇ. ಆಯ್ದ ಕೆಲವು ಇಲ್ಲಿವೆ.

ಇವತ್ತು ಯಾರ ಪಾಳಿ?

ನಾನು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಫೋನ್ ಬಂದರೆ ಎದ್ದು ಓಡಲೇಬೇಕಾದ ಕೆಲಸ. ಹಾಗಾಗಿ ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಕ್ಷಮಿಸಿ. ರಾತ್ರಿ ಹತ್ತೂವರೆಗೆ ವೋಚರುಗಳಿಗೆ ಏನು ಆಪತ್ತು ಬಂದೀತು ಅಂತ.

ಆಮೇಲೆ ಯೋಚಿಸಿದೆ. ನಮ್ಮಲ್ಲಿ ಆನ್-ಕಾಲ್ ಪಟ್ಟಿ ಅಂತ ಇರುತ್ತದೆ. ಈ ರಾತ್ರಿ ಯಾರನ್ನು ಕರೆಯಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅಂದರೆ ಯಾರನ್ನು ಕರೆಯಬಾರದು ಅನ್ನೋದೂ ಅದರಲ್ಲೇ ಇದ್ದ ಹಾಗಾಯಿತು, ಅಲ್ವಾ? ನನ್ನ ಹೆಸರಿಲ್ಲದ ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಗಡದ್ದಾಗಿ ಮಲಗುತ್ತೇನೆ. ಮನಸ್ಸಿಗೆ ಏನೂ ಚುಚ್ಚುವುದಿಲ್ಲ. ನಿಮ್ಮ ಆಫೀಸಿನಲ್ಲಿ ಪಟ್ಟಿಯೇ ಇಲ್ಲ. ಅದಕ್ಕೇ ಎಲ್ಲರೂ ಎಲ್ಲ ರಾತ್ರಿಯೂ ಆನ್-ಕಾಲ್. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ರಾತ್ರಿ ಕೆಲಸ ಬೇಕಾಗಬಹುದು, ಒಪ್ಪುತ್ತೇನೆ. ಹಾಗಿದ್ದರೆ ಯಾರ ಪಾಳಿ ಯಾವತ್ತು ಅಂತ ಬರೆದು ಹಾಕಲಿ. ಜೀವ ಉಳಿಸುವ ಕೆಲಸಕ್ಕೇ ಅಷ್ಟು ಸಾಕಾಗುತ್ತಿದೆ.

ಸೋಮಾರಿಯಾ ಅಂತ ಕೇಳಿದ್ದೀರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಬರ್ನ್‌ಔಟ್’ ಎಂದರೇನು ಎಂದು ಬಿಡಿಸಿ ಹೇಳಿತು. ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಬರುವ ಸ್ಥಿತಿ ಅಂದಿತು. ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ಏನು ಮಾಡಿದರೂ ಕೈ ಸಾಗದಿರುವುದು, ಇವು ಅದರ ಗುರುತುಗಳು. ನಿಮಗೆ ಅದಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಎತ್ತುವವರು ವಿಶ್ರಾಂತಿಯಲ್ಲಿಲ್ಲ, ಡ್ಯೂಟಿಯಲ್ಲೇ ಇದ್ದಾರೆ. ಅದೂ ಸಂಬಳವಿಲ್ಲದ ಡ್ಯೂಟಿ.

– ಒಬ್ಬ ನರ್ಸ್

ಮೆಸೇಜ್ ಹಾಕುವವನ ಮಾತು

ಮೇಡಂ, ನಮ್ಮ ತಂಡದವರೇ ಯಾರೋ ಬರೆದಿದ್ದಾರಾ ಅಂತ ಒಂದು ಕ್ಷಣ ಗಾಬರಿಯಾಯಿತು. ನನ್ನದು ಹನ್ನೆರಡು ಜನರ ತಂಡ. ಹಗಲೆಲ್ಲ ಮೀಟಿಂಗಿನ ಮೇಲೆ ಮೀಟಿಂಗು. ಮನೆಯವರೆಲ್ಲ ಮಲಗಿದ ಮೇಲೆ ಮರೆತಿದ್ದೆಲ್ಲ ಒಂದೊಂದೇ ನೆನಪಾಗುತ್ತದೆ. ಮತ್ತೆ ಮರೆತರೆ ಕಷ್ಟ ಅಂತ ಗುಂಪಿಗೆ ಹಾಕಿಬಿಡುತ್ತಿದ್ದೆ. ನನ್ನ ಮಟ್ಟಿಗೆ ಅದು ಚೀಟಿ ಬರೆದಿಟ್ಟ ಹಾಗೆ. ಅವರಿಗೆ ಅದು ಬಾಗಿಲು ಬಡಿದ ಹಾಗೆ ಕೇಳಿಸುತ್ತಿತ್ತು ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಳ್ಳಲಿಲ್ಲವೋ.

ಒಬ್ಬ ಒಳ್ಳೆಯ ಹುಡುಗ ಕೆಲಸ ಬಿಟ್ಟ. ಕೊನೆಯ ದಿನ ನಗುತ್ತಲೇ ಹೇಳಿದ: “ಸರ್, ನಿಮ್ಮ ಮೆಸೇಜಿನ ಸದ್ದು ಕೇಳಿದ ಕೂಡಲೇ ನನ್ನ ಮಗಳು ‘ಅಪ್ಪ ಹೋದ’ ಅಂತಾಳೆ. ಅಲ್ಲೇ ಪಕ್ಕದಲ್ಲೇ ಕೂತಿರ್ತೀನಿ.” ನನಗೆ ಮಾತೇ ಹೊರಡಲಿಲ್ಲ.

ಅವತ್ತಿನಿಂದ ರಾತ್ರಿ ನೆನಪಾದದ್ದನ್ನು ಇಮೇಲ್‌ನಲ್ಲಿ ಬರೆದು, ಬೆಳಿಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಶೆಡ್ಯೂಲ್ ಮಾಡುತ್ತೇನೆ. ಎರಡು ಒತ್ತು ಜಾಸ್ತಿ, ಅಷ್ಟೇ. ನಿಜವಾಗಿ ತುರ್ತಾದರೆ ಮೆಸೇಜ್ ಹಾಕುವುದಿಲ್ಲ, ಫೋನೇ ಮಾಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಒಂದು ವರ್ಷವಾಯಿತು. ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ? ಎರಡು ಸಲ. ಅದಕ್ಕೂ ಮುಂಚೆ ರಾತ್ರಿಗೆ ಏಳೆಂಟು ಮೆಸೇಜ್ ‘ತುರ್ತು’ ಆಗಿದ್ದವು.

ಎಲ್ಲಕ್ಕಿಂತ ಕಷ್ಟವಾದದ್ದು ಹೊಗಳುವುದನ್ನು ಬಿಡುವುದು. ‘ಬೆಳಿಗ್ಗೆ ನೋಡಿ’ ಅಂತ ಬಾಯಲ್ಲಿ ಹೇಳುತ್ತಿದ್ದೆ, ರಾತ್ರಿ ಉತ್ತರಿಸಿದವನ ಬೆನ್ನು ತಟ್ಟುತ್ತಿದ್ದೆ. ಜನ ನೋಡುವುದು ತಟ್ಟುವ ಕೈಯನ್ನು. ನಿಮ್ಮ ಬಾಸ್‌ಗೂ ಇದು ಹೊಳೆದಿರಲಿಕ್ಕಿಲ್ಲ. ಅವರೊಬ್ಬರೇ ಇದ್ದಾಗ ಹೋಗಿ ಕೇಳಿ. ‘ರಾತ್ರಿ ಯಾಕೆ ಮೆಸೇಜ್ ಹಾಕ್ತೀರಿ’ ಅಂತ ಕೇಳಬೇಡಿ, ನಾವು ಮುಖ ಗಂಟಿಕ್ಕಿಕೊಳ್ಳುತ್ತೇವೆ. ‘ಯಾವುದಕ್ಕೆ ರಾತ್ರಿಯೇ ಉತ್ತರ ಬೇಕು, ಅದಕ್ಕೆ ಮಾತ್ರ ಫೋನ್ ಮಾಡ್ತೀರಾ ಸರ್?’ ಎಂದು ಕೇಳಿ. ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

– ತಿದ್ದಿಕೊಂಡ ಬಾಸ್ (ತಂಡದವರನ್ನು ಕೇಳಿದರೆ ‘ಅರ್ಧ ತಿದ್ದಿಕೊಂಡ’ ಅಂದಾರು)

ಎರಡು ನಿಮಿಷದ ಮಾತು

ಉತ್ತರ ಬರೆಯೋಕೆ ಎರಡು ನಿಮಿಷ ಸಾಕು. ಬರೆದು ಮಲಗಿ. ಕೆಲಸ ಇದೆಯಲ್ಲ, ಅದೇ ದೊಡ್ಡದು. ನನ್ನ ಫೋನ್ ರಾತ್ರಿಯಲ್ಲಿ ಮಾತ್ರ ಅಲ್ಲ, ಹಗಲಲ್ಲೂ ಸುಮ್ಮನಿರುತ್ತದೆ.

– ಹದಿನಾಲ್ಕು ತಿಂಗಳಿಂದ ಕೆಲಸ ಹುಡುಕುತ್ತಿರುವವನು

ನನ್ನ ರಾತ್ರಿ ಕಿತ್ತುಕೊಳ್ಳಬೇಡಿ

ಎಲ್ಲರೂ ನಿಮ್ಮ ಪರವಾಗಿಯೇ ಬರೆಯುತ್ತಾರೆ ಅಂತ ಗೊತ್ತು. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಇಬ್ಬರು ಚಿಕ್ಕ ಮಕ್ಕಳು. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ನಾನು ಅಮ್ಮ. ಎಂಟೂವರೆಯಿಂದ ಹನ್ನೊಂದರವರೆಗೆ ನಾನು ಡಿಸೈನರ್. ಹಳೆಯ ಕಾಲದ ಒಂಬತ್ತರಿಂದ ಐದರ ಆಫೀಸು ಆಗಿದ್ದರೆ ನಾನು ಎಂದೋ ಕೆಲಸ ಬಿಡಬೇಕಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 2011ರಲ್ಲಿ ಒಂದಷ್ಟು ನೌಕರರಿಗೆ ಪಾಳಿ ಮುಗಿದು ಅರ್ಧ ಗಂಟೆಯಾದ ಮೇಲೆ ಫೋನಿಗೆ ಇಮೇಲ್ ಹೋಗುವುದನ್ನೇ ನಿಲ್ಲಿಸಿತು. ಎಲ್ಲರೂ ಚಪ್ಪಾಳೆ ಹೊಡೆಯುವ ಸುದ್ದಿ. ನನ್ನ ಕಂಪನಿಯಲ್ಲಿ ಹಾಗೆ ಮಾಡಿದರೆ ನನ್ನ ಗತಿ?

ಆದರೆ ನಾನು ಒಂದು ಸಾಲು ಹಾಕಿಕೊಂಡಿದ್ದೇನೆ. ನನ್ನ ಪ್ರತಿ ಇಮೇಲ್ ಕೆಳಗೂ ಅದು ಇರುತ್ತದೆ: “ಇದು ನಾನು ಕೆಲಸ ಮಾಡುವ ಹೊತ್ತು. ನಿಮ್ಮ ಹೊತ್ತಿನಲ್ಲಿ ಉತ್ತರಿಸಿ.” ಅದನ್ನು ನಂಬಿ ತಡವಾಗಿ ಉತ್ತರಿಸಿದವರ ಮೇಲೆ ನಾನು ಯಾವತ್ತೂ ಮುನಿಸಿಕೊಂಡಿಲ್ಲ. ನಿಮ್ಮ ಜಗಳ ಗಡಿಯಾರದ ಜೊತೆ ಅಲ್ಲ. ನೀವು ಯಾವಾಗ ಇಲ್ಲ ಎನ್ನುವುದನ್ನು ನೀವೂ ಹೇಳಿಲ್ಲ, ಅವರೂ ಕೇಳಿಲ್ಲ. ಮೊದಲು ಅದನ್ನು ಹೇಳಿ.

– ಇಬ್ಬರು ಮಕ್ಕಳ ತಾಯಿ

ಒಂದು ತಿಂಗಳು ಬರೆದಿಡಿ

ಕಾನೂನು ಓದಿದವಳು ನಾನು, ಹಾಗಾಗಿ ಕಾಗದದ ಮೇಲೆ ನಂಬಿಕೆ. ಅಪ್ರೈಸಲ್‌ನ ಆ ಒಂದು ಸಾಲನ್ನು ಸುಮ್ನೆ ಬಿಡಬೇಡಿ. ಮರ್ಯಾದೆಯಿಂದಲೇ ಒಂದು ಇಮೇಲ್ ಹಾಕಿ: ‘ನಾನು ಬೆಳಿಗ್ಗೆ ಉತ್ತರಿಸಿದ್ದರಿಂದ ಯಾವ ಕೆಲಸ ತಡವಾಯಿತು ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.’ ಉತ್ತರ ಬಂದರೆ ನಿಮಗೂ ಕಲಿಯಲು ಏನೋ ಸಿಕ್ಕಿತು. ಬರದಿದ್ದರೆ ಅದೂ ಉತ್ತರವೇ.

ಜೊತೆಗೆ ಒಂದು ತಿಂಗಳು ಪಟ್ಟಿ ಮಾಡಿ. ಯಾವ ರಾತ್ರಿ ಎಷ್ಟು ಮೆಸೇಜ್ ಬಂದವು, ಅದರಲ್ಲಿ ಬೆಳಗಿನವರೆಗೆ ಕಾಯಲಾಗದ್ದು ಎಷ್ಟು. ಲೆಕ್ಕಪತ್ರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕೆಲವು ದೇಶಗಳಲ್ಲಿ ಇದು ಕಾನೂನೇ ಆಗಿದೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆಯ ಇಮೇಲ್, ಫೋನ್ ಬಗ್ಗೆ ನೌಕರರ ಜೊತೆ ಕೂತು ಮಾತಾಡಲೇಬೇಕು. ಪೋರ್ಚುಗಲ್ 2021ರಲ್ಲಿ ಹೊಣೆಯನ್ನು ತಿರುಗಿಸಿ ಹಾಕಿತು. ಫೋನ್ ಎತ್ತದಿರುವ ಹಕ್ಕು ನೌಕರನದು ಅನ್ನುವ ಬದಲು, ಬಿಡುವಿನ ಹೊತ್ತಿನಲ್ಲಿ ನೌಕರನಿಗೆ ತೊಂದರೆ ಕೊಡದಿರುವುದು ಮಾಲೀಕನ ಕೆಲಸ ಅಂದಿತು. ನನಗೆ ಇಷ್ಟವಾದದ್ದು ಇದು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಬಿಡುವಿನ ಹೊತ್ತಿನಲ್ಲಿ ಬಂದ ಕರೆಗೆ ಉತ್ತರಿಸದಿರುವ ಹಕ್ಕಿದೆ. ಆದರೆ ಆ ನಿರಾಕರಣೆ ನ್ಯಾಯವಾಗಿರಬೇಕು. ಕರೆಯ ಕಾರಣವೇನು, ಹೆಚ್ಚುವರಿ ಹಣ ಸಿಗುತ್ತದೆಯೇ, ಹುದ್ದೆ ಎಂಥದ್ದು, ಎಲ್ಲವನ್ನೂ ನೋಡುತ್ತಾರೆ. ಕಾನೂನಿರುವ ಕಡೆಯೂ ಜನ ರಾತ್ರಿ ಫೋನ್ ನೋಡುತ್ತಲೇ ಇದ್ದಾರೆ, ಅದು ಬೇರೆ ಮಾತು. ಕೇಳಿದ್ದಕ್ಕೆ ಅಪ್ರೈಸಲ್‌ನಲ್ಲಿ ಮತ್ತೆ ಹೊಡೆತ ಬಿದ್ದರೆ ಆಗ ಕೆಲಸ ಬದಲಿಸುವ ಯೋಚನೆ ಮಾಡಿ. ಕೇಳುವ ಮುಂಚೆ ಬೇಡ.

– ಒಬ್ಬ ವಕೀಲೆ

ನನ್ನ ಬಾಸ್ ಒಂದು ಆ್ಯಪ್

ನಿಮಗೆ ಹೋಗಿ ಕೇಳೋಕೆ ಒಬ್ಬ ಮನುಷ್ಯ ಇದ್ದಾನೆ ಮೇಡಂ. ನಾನು ಪಾರ್ಸೆಲ್ ಹಂಚುತ್ತೇನೆ. ಯಾವಾಗ ಬೇಕಾದರೂ ಲಾಗ್‌ಔಟ್ ಆಗಬಹುದು ಅಂತ ಆ್ಯಪ್ ಹೇಳುತ್ತದೆ. ‘ನಿಮ್ಮ ಸಮಯ, ನಿಮ್ಮ ಇಷ್ಟ.’ ಆದರೆ ಇನ್ನೆರಡು ಪಾರ್ಸೆಲ್ ಮುಟ್ಟಿಸಿದರೆ ಇನ್ಸೆಂಟಿವ್ ಅಂತ ರಾತ್ರಿ ಒಂಬತ್ತಕ್ಕೆ ತೋರಿಸುತ್ತದೆ. ಬೈಯುವವರೇ ಇಲ್ಲ, ಆದ್ದರಿಂದ ತಿರುಗಿ ಮಾತಾಡುವುದಕ್ಕೂ ಯಾರೂ ಇಲ್ಲ. ಮನುಷ್ಯ ಇರುವಾಗಲೇ ಮಾತಾಡಿ.

– ಡೆಲಿವರಿ ಹುಡುಗ (ವಯಸ್ಸು 41)

ಸೈರನ್ ಕೇಳಿದ ಕಿವಿ

ನೋಡಮ್ಮಾ, ನಾನು ಮೂವತ್ತು ವರ್ಷ ಗಿರಣಿಯಲ್ಲಿ ದುಡಿದವನು. ಸೈರನ್ ಕೂಗಿದರೆ ಮುಗಿಯಿತು. ಎತ್ತಿದ ಕೈ ಅಲ್ಲೇ ಇಳಿಯುತ್ತಿತ್ತು. ಆ ಕೆಲಸ ಚೆನ್ನಾಗಿತ್ತು ಅಂತ ಹೇಳುವುದಿಲ್ಲ, ಧೂಳು ಕುಡಿದ ಎದೆ ಇವತ್ತಿಗೂ ಕೆಮ್ಮುತ್ತದೆ. ಆದರೆ ಸೈರನ್ ಒಂದು ಭಾಗ್ಯ. ಅದು ಸುಮ್ಮನೆ ಬಂದದ್ದೂ ಅಲ್ಲ.

‘ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನರಂಜನೆ, ಎಂಟು ಗಂಟೆ ವಿಶ್ರಾಂತಿ’ ಅನ್ನುವ ಮಾತನ್ನು 1817ರ ಹೊತ್ತಿಗೆ ಹೇಳಿದವನು ರಾಬರ್ಟ್ ಓವೆನ್ ಅನ್ನುತ್ತಾರೆ. ಅವನು ಕಾರ್ಮಿಕ ನಾಯಕನಲ್ಲ, ನೂಲಿನ ಗಿರಣಿ ನಡೆಸುತ್ತಿದ್ದ ಮಾಲೀಕ. 1886ರ ಮೇ ಒಂದರಂದು ಅಮೆರಿಕದ ಕಾರ್ಮಿಕರು ಇದನ್ನೇ ಕೇಳಿ ಕೆಲಸ ನಿಲ್ಲಿಸಿದರು. ಷಿಕಾಗೋದಲ್ಲಿ ರಕ್ತ ಹರಿಯಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದಾಗ ಅದರ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಮೀರಬಾರದು ಎಂದು. ನೂರು ವರ್ಷ ಹಿಡಿಯಿತಮ್ಮ, ಒಂದು ಸೈರನ್ ಕೂಗಿಸೋಕೆ.

ನೀನು ಕೇಳಿದ ಪ್ರಶ್ನೆ ಒಬ್ಬಳದು ಅಂತ ನಿನಗನ್ನಿಸಿದೆ. ನಾವು ಯಾರೂ ಒಬ್ಬೊಬ್ಬರೇ ಹೋಗಿ ಕೇಳುತ್ತಿರಲಿಲ್ಲ. ನಾಲ್ಕು ಜನ ಸೇರಿ ಹೋಗುತ್ತಿದ್ದೆವು. ಮಾಲೀಕನಿಗೆ ಹೆದರಿಸೋಕೆ ಅಲ್ಲ, ನಮಗೇ ಧೈರ್ಯ ಬರಲಿ ಅಂತ. ನಿಮ್ಮ ಗುಂಪಿನಲ್ಲಿ ರಾತ್ರಿ ಉತ್ತರ ಕೊಡುವವರನ್ನು ಒಂದು ಸಲ ಪಕ್ಕಕ್ಕೆ ಕರೆದು ಮಾತಾಡಿಸು. ಅವರೂ ಖುಷಿಯಿಂದ ನಿದ್ದೆ ಬಿಡುತ್ತಿರಲಿಕ್ಕಿಲ್ಲ.

– ಗಿರಣಿಯಿಂದ ನಿವೃತ್ತನಾದ ಅಜ್ಜ (ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸಿದ್ದು, ಅದೂ ರಾತ್ರಿ ಹತ್ತಕ್ಕೆ, ಪಾಪ)

ರಾತ್ರಿ ಉತ್ತರ ಕೊಡುವವನು

ಮೇಡಂ, ನಿಮ್ಮ ಪತ್ರದಲ್ಲಿ ಹೊಗಳಿಸಿಕೊಳ್ಳುವವರು ಇದ್ದಾರಲ್ಲ, ಅಂಥವನು ನಾನು. ನಿಮ್ಮ ಆಫೀಸಿನವನಲ್ಲ. ಆದರೆ ಎಲ್ಲ ಆಫೀಸಿನಲ್ಲೂ ನಾನಿದ್ದೇನೆ.

ಇದು ನನ್ನ ಮೊದಲ ಕೆಲಸ, ಎರಡನೇ ವರ್ಷ. ಸೇರಿದ್ದೇ ಲ್ಯಾಪ್‌ಟಾಪ್ ಮುಂದೆ. ಹಿರಿಯರು ಎಷ್ಟು ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ ಅಂತ ನೋಡಿ ಕಲಿಯೋಣ ಅಂದರೆ ಯಾರ ಚೀಲವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ ಹೆಸರಿನ ಕೆಳಗಿನ ‘ಆನ್‌ಲೈನ್’ ಮಾತ್ರ. ರಾತ್ರಿ ಬಾಸ್ ಮೆಸೇಜ್ ಹಾಕಿದಾಗ ಯಾರ್ಯಾರು ಆನ್‌ಲೈನ್ ಇದ್ದಾರೆ ಅಂತ ಒತ್ತಿ ನೋಡುತ್ತೇನೆ. ನನ್ನ ಸೀನಿಯರ್ ಮೇಡಂ ಹೆಸರಿನ ಕೆಳಗೂ ‘ಆನ್‌ಲೈನ್’ ಅಂತಿರುತ್ತದೆ. ಅವರೂ ಎದ್ದಿದ್ದಾರೆ, ಅವರೂ ಕೆಲಸದಲ್ಲಿದ್ದಾರೆ, ನಾನು ಹೇಗೆ ಮಲಗುವುದು ಅಂತ ಉತ್ತರ ಬರೆಯುತ್ತೇನೆ. ಅವರು ಮೊಬೈಲ್ ಬೋರಲು ಹಾಕಿ, ತಡೆಯಲಾರದೆ ಎತ್ತಿ ನೋಡಿ, ಮತ್ತೆ ಬೋರಲು ಹಾಕುತ್ತಿದ್ದಾರು ಅನ್ನೋದು ನಿಮ್ಮ ಪತ್ರ ಓದುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ಊಟದ ಬಿಡುವಿನಲ್ಲಿ ಅವರಿಗೆ ನಿಮ್ಮ ಪತ್ರ ತೋರಿಸಿದೆ. ಓದಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಇವತ್ತು ರಾತ್ರಿ ನಾನು ನೋಡಲ್ಲ, ನೀನೂ ನೋಡಬೇಡ” ಅಂದರು.

ಹತ್ತೂ ಇಪ್ಪತ್ತಕ್ಕೆ ಮೆಸೇಜ್ ಬಂತು. ಉತ್ತರ ಬರೆದು, ಕಳಿಸದೆ ಇಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿದೆ. ಬಾಸ್ ಹೆಬ್ಬೆರಳು ಒತ್ತಿದರು, ಅಷ್ಟೇ. ನಿಜ ಹೇಳಬೇಕೆಂದರೆ ನಡುವೆ ನಾಲ್ಕು ಸಲ ಎದ್ದು, ಮೇಡಂ ಆನ್‌ಲೈನ್ ಬಂದಿದ್ದಾರಾ ಅಂತ ನೋಡಿದೆ. ಬಂದಿರಲಿಲ್ಲ.

– ಇಪ್ಪತ್ತಮೂರರ ಹುಡುಗ