ಪಲ್ಲವಿಗೆ ಫೋನ್ ಹೋಗ್ತಿಲ್ಲ ಅಂದ ಚಿಕ್ಕಮ್ಮನಿಗೆ

ಚಿಕ್ಕಮ್ಮಾ, ಪಲ್ಲವಿ ಮ್ಯಾಂಚೆಸ್ಟರ್‌ನಿಂದ ಕಳಿಸಿದ ಹೊಸ ನಂಬರಿಗೆ ಮೂರು ದಿನದಿಂದ ಕಾಲ್ ಹೋಗ್ತಿಲ್ಲ, ವಾಟ್ಸಾಪ್‌ನಲ್ಲೂ ಕಾಣ್ತಿಲ್ಲ ಅಂತ ರಾತ್ರಿ ನಮ್ಮ ಮನೆಯವರ ಗ್ರೂಪ್‌ನಲ್ಲಿ ಬರೆದಿದ್ರಲ್ಲ. ವಾಯ್ಸ್ ಮೆಸೇಜ್ ಮಾಡೋಣ ಅಂದುಕೊಂಡೆ. ಆದರೆ ಬರೆದಿದ್ದರೆ ನೀವು ಮತ್ತೆ ಮತ್ತೆ ನೋಡಿಕೊಂಡು ಮಾಡಬಹುದು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸಮಾಧಾನ ಮಾಡಿಕೊಳ್ಳಿ. ಮಗು ಫೋನ್ ಎತ್ತುತ್ತಿಲ್ಲ ಅಂತಲ್ಲ, ಅವಳ ಫೋನ್ ರಿಂಗೇ ಆಗಿಲ್ಲ. ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಪ್ಲಸ್ 44 ಆದ ಮೇಲೆ 07 ಅಂತ ಇದೆ. ಆ ಸೊನ್ನೆಯೇ ತೊಂದರೆ.

ನಮ್ಮ ಶಿವಮೊಗ್ಗದ ಮನೆ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. ಬೇರೆ ಊರಿನಿಂದ ಮಾಡುವಾಗ 08182 ಹಾಕಿ ಆಮೇಲೆ ಆರು ಅಂಕಿ ಒತ್ತುತ್ತಿದ್ದೆವು. ಮೈಸೂರಾದರೆ 0821 ಮತ್ತು ಏಳು ಅಂಕಿ, ಬೆಂಗಳೂರಾದರೆ 080 ಮತ್ತು ಎಂಟು. ಮುಂದಿನ ಸೊನ್ನೆ ಬಿಟ್ಟು ಎಣಿಸಿ ನೋಡಿ, ಎಲ್ಲವೂ ಹತ್ತೇ ಅಂಕಿ. ಅಂದರೆ ಆ ಸೊನ್ನೆ ನಂಬರಿಗೆ ಸೇರಿದ್ದಲ್ಲ. ದೇಶದ ಒಳಗೆ ಒಂದೂರಿಂದ ಇನ್ನೊಂದೂರಿಗೆ ಮಾಡುತ್ತಿದ್ದೇನೆ ಅಂತ ಎಕ್ಸ್‌ಚೇಂಜಿಗೆ ಹೇಳುವುದಕ್ಕಷ್ಟೇ ಅದು.

ಬ್ರಿಟನ್‌ನಲ್ಲಿ ಮೊಬೈಲ್ ನಂಬರಿಗೂ ಹಾಗೇ ಸೊನ್ನೆ ಸೇರಿಸಿ ಹೇಳುತ್ತಾರೆ. ಪಲ್ಲವಿಗೆ ಅಲ್ಲಿನವರು ಹೇಳಿದ್ದನ್ನೇ ಅವಳು ನಿಮಗೆ ಕಳಿಸಿದ್ದಾಳೆ, ಒಟ್ಟು ಹನ್ನೊಂದು ಅಂಕಿ. ಹೊರಗಿನಿಂದ ಮಾಡುವಾಗ ಆ ಸೊನ್ನೆ ಬಿಡಬೇಕು. ಪ್ಲಸ್ 44, ನೇರ 7, ಆಮೇಲೆ ಉಳಿದ ಒಂಬತ್ತು ಅಂಕಿ.

ಅವಳ ಹೆಸರು ಒತ್ತಿ, ಎಡಿಟ್‌ಗೆ ಹೋಗಿ, 44ರ ಪಕ್ಕದ ಸೊನ್ನೆ ಅಳಿಸಿ, ಸೇವ್ ಮಾಡಿ. ಅಪ್ಪಿತಪ್ಪಿ ಪ್ಲಸ್ ಅಳಿಸಿಹೋದರೆ, ಕೀಪ್ಯಾಡ್‌ನಲ್ಲಿ ಸೊನ್ನೆಯನ್ನೇ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಬರುತ್ತದೆ. ಪ್ಲಸ್ ಇರಲೇಬೇಕು. ಹೊರದೇಶಕ್ಕೆ ಮಾಡಲು ನಮ್ಮಲ್ಲಿ 00, ಅಮೆರಿಕದಲ್ಲಿ 011. ಪ್ಲಸ್ ಇದ್ದರೆ ಫೋನೇ ಅದನ್ನು ನೋಡಿಕೊಳ್ಳುತ್ತದೆ, ನಾವು ಎಲ್ಲಿದ್ದರೂ ಅದೇ ನಂಬರ್ ನಡೆಯುತ್ತದೆ.

ಭಾವಾ, ನೀವು ಮಾತ್ರ ಇದನ್ನು ಓದಿ ರೋಮ್‌ನ ಹೋಟೆಲ್ ನಂಬರಿನ ಸೊನ್ನೆ ಅಳಿಸಬೇಡಿ! ಇಟಲಿಯಲ್ಲಿ 1998ರಲ್ಲಿ ಲ್ಯಾಂಡ್‌ಲೈನ್‌ನ ಸೊನ್ನೆಯನ್ನು ನಂಬರಿಗೇ ಸೇರಿಸಿಬಿಟ್ಟರು. ಪ್ಲಸ್ 39 ಆದ ಮೇಲೆ 06 ಹಾಗೇ ಇರಬೇಕು. ಅಲ್ಲಿನ ಮೊಬೈಲ್ ಆದರೆ 3ರಿಂದ ಶುರುವಾಗುತ್ತದೆ, ಅದಕ್ಕೆ ಸೊನ್ನೆ ಇಲ್ಲ.

ಇನ್ನೊಂದು ವಿಷಯ ಚಿಕ್ಕಮ್ಮಾ. ಪಲ್ಲವಿಯೂ ಅಜ್ಜಿಯ ಲ್ಯಾಂಡ್‌ಲೈನ್‌ಗೆ ಮಾಡಿ ಮಾಡಿ ಸಾಕಾಯ್ತು ಅಂತ ನನಗೆ ಮೆಸೇಜ್ ಹಾಕಿದ್ದಳು. ಅವಳೂ ಪ್ಲಸ್ 91 ಆದ ಮೇಲೆ 08182 ಅಂತಲೇ ಹಾಕುತ್ತಿದ್ದಾಳೆ, ನೋಡಿ. 8182 ಅಂತ ಸರಿಮಾಡಿ ಈಗಲೇ ಕಳಿಸುತ್ತೇನೆ. ಸಂಜೆ ಫೋನ್ ಹತ್ತಿರವೇ ಕೂತಿರೋಕೆ ಅಜ್ಜಿಗೆ ಹೇಳಿ.